ಕುಂಬಳದ ಎಲೆಗೆ ಬಿಳಿ ಚುಕ್ಕೆ ಬಿದ್ದಾಗ...

ಕಳೆದ ಡಿಸೆಂಬರಿನ ಮಾತು. ಶನಿವಾರ, ಮುಂಜಾನೆಯ ಶಾಲೆ. ಪ್ರಾರ್ಥನೆ ಮುಗಿಸಿ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಆರನೇ ಇಯತ್ತೆಯ ಹುಡುಗಿಯೊಬ್ಬಳು ತೋಟದಿಂದ ಓಡಿ ಬಂದು, "ಸರ್, ನಮ್ಮ ಕುಂಬಳಕ್ಕ ಭುರಿ ಬಿದ್ದದರೀ!" ಅಂದಳು.

ಭುರಿ ಅಂದರೇನು ಅಂತ ನಮ್ಮ ಜತ್ತ ತಾಲೂಕಿನವರಿಗೆ ಹೇಳಬೇಕಾಗಿಲ್ಲ. ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ಅದು ಜ್ವರ, ನೆಗಡಿ ಇದ್ದಂತೆ ದಿನದ ಮಾತು. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಎಲೆ, ಕಾಯಿಗಳ ಮೇಲೆ ಬೂದಿ ಉದುರಿಸಿದಂತೆ ಹಬ್ಬುವ ಶಿಲೀಂಧ್ರವದು. ಮರಾಠಿಯಲ್ಲಿ ಭುರಿ, ಕನ್ನಡದಲ್ಲಿ ಬೂದಿ ರೋಗ. ಈ ಹುಡುಗಿಯ ಅಪ್ಪ ದ್ರಾಕ್ಷಿ ತೋಟಗಳಿಗೆ ಔಷಧ ಹೊಡೆಯುವ ಕೂಲಿಗೆ ಹೋಗುತ್ತಾರೆ. ಹಾಗಾಗಿ ಅವಳಿಗೆ ಆ ಹೆಸರು ನಮ್ಮ ಪಾಠಕ್ಕಿಂತ ಮೊದಲೇ ಬಂದಿದೆ.

ಹೋಗಿ ನೋಡಿದೆ. ಎಲೆಯ ಮೇಲೆಲ್ಲ ಬೆಳ್ಳಗೆ ಮಚ್ಚೆಗಳು. ನಾನೂ ತಡಮಾಡದೆ ಹೌದು ಅಂದುಬಿಟ್ಟೆ. ವರ್ಗಕ್ಕೆ ಬಂದು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಬೂದಿ ರೋಗ' ಅಂತ ಬರೆದೆ. ಕನ್ನಡ ಶಬ್ದವೊಂದನ್ನು ಕಲಿಸಿದ ಖುಷಿ ಬೇರೆ! ಸಂಜೆಗೆ ಪಾಲಕರೊಬ್ಬರು ಗಂಧಕದ ಪುಡಿಯ ಪೊಟ್ಟಣ ತಂದುಕೊಟ್ಟರು.

ಸೋಮವಾರ ಪಂಪು ತೊಳೆಯುತ್ತಿದ್ದಾಗ ಖಿಚಡಿ ಮಾಡುವ ಆಯಿ ಅಡ್ಡ ಬಂದರು. ಆ ಕುಂಬಳದ ಬೀಜ ಅವರ ಮನೆಯದೇ.

"ಏನ್ ಹೊಡೀತೀರಿ ಸರ್?"

"ರೋಗ ಬಂದದ ಆಯಿ, ಅದಕ್ಕ ಔಷಧ."

ಅವರು ಬಗ್ಗಿ ಒಂದು ಎಲೆ ಹಿಡಿದು ಹೆಬ್ಬೆರಳಿನಿಂದ ಒರೆಸಿದರು. ಬೆರಳು ನನ್ನ ಮುಖದ ಮುಂದೆ ಹಿಡಿದರು. ಏನೂ ಹತ್ತಿರಲಿಲ್ಲ. "ಇದರ ಜಾತೀನ ಹಿಂಗ ಐತ್ರಿ. ನಮ್ಮತ್ತಿ ಕಾಲದಿಂದ ನೋಡೇನಿ. ನೀವು ಔಷಧ ಹೊಡದ್ರ ನಾ ಈ ಕಾಯಿ ಹುಡುಗರಿಗೆ ಹಾಕೂದಿಲ್ಲ ನೋಡ್ರಿ!"

ಹುಡುಗರ ಮುಂದೆಯೇ ಮುಖ ಸಣ್ಣದಾಯಿತು. ಆದರೆ ಅವರು ಹೇಳಿದ್ದು ಸರಿಯಿತ್ತು. ಕುಂಬಳದ ಕೆಲವು ತಳಿಗಳ ಎಲೆಯಲ್ಲಿ ಹುಟ್ಟಿನಿಂದಲೇ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದೆ. ಮೇಲಿನ ಸಿಪ್ಪೆಗೂ ಕೆಳಗಿನ ಹಸಿರು ಪದರಕ್ಕೂ ನಡುವೆ ಗಾಳಿ ತುಂಬಿದ ಜಾಗವಿರುತ್ತದೆ, ಅದು ಹಾಗೆ ಹೊಳೆಯುತ್ತದೆ. ಈ ಮಚ್ಚೆಗಳು ನರಗಳು ಕೂಡುವ ಮೂಲೆಗಳಲ್ಲೇ ಇರುತ್ತವೆ. ನಿಜವಾದ ಬೂದಿ ರೋಗಕ್ಕೆ ನರದ ಲೆಕ್ಕವಿಲ್ಲ. ಎಲ್ಲೆಂದರಲ್ಲಿ ದುಂಡಗೆ ಎದ್ದು ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಒರೆಸಿದರೆ ಬೆರಳಿಗೆ ಹಿಟ್ಟು ಹತ್ತುತ್ತದೆ.

ಅಂದಿನ ಪರಿಸರ ತಾಸು ತೋಟದಲ್ಲೇ ಆಯಿತು. ಎಲ್ಲರ ಕೈಯಲ್ಲೂ ಒಂದು ಬಿಳಿ ಹಾಳೆ, ನಡುವೆ ಒಂದೇ ಒಂದು ಭೂತಗನ್ನಡಿ. ಅವರೆಯ ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳಿದ್ದವು. ಹಾಳೆಯ ಮೇಲೆ ಎಲೆ ತಟ್ಟಿದರೆ ಧೂಳಿನಂಥ ಕಣಗಳು ಬಿದ್ದು, ನಡೆಯತೊಡಗಿದವು! ನುಸಿ. ಎಲೆಯ ಹಿಂಬದಿಯಲ್ಲಿ ಕೂತು ರಸ ಹೀರುತ್ತದೆ. ಟೊಮೆಟೊ ಎಲೆಯೊಳಗೆ ಸೊಟ್ಟಸೊಟ್ಟ ಬಿಳಿ ಗೆರೆಗಳು, ಅದು ರಂಗೋಲಿ ಹುಳು. ಎಲೆಯನ್ನು ಬಿಸಿಲಿಗೆ ಹಿಡಿದರೆ ಗೆರೆಯ ತುದಿಯಲ್ಲಿ ಮರಿಹುಳು ಕಾಣಿಸಿತು. ಮೆಣಸಿನ ಗಿಡದ ಚುಕ್ಕೆಗಳಂತೂ ನಮ್ಮ ಬೋರಿನ ಸವುಳು ನೀರು ಸಿಡಿದು ಒಣಗಿದ ಕಲೆ. ನಿಂಬೆರಸ ಹಚ್ಚಿ ಒರೆಸಿದರೆ ಹೋಯಿತು. ಈ ನಾಲ್ಕಕ್ಕೂ ನಾನು ಗಂಧಕ ಹೊಡೆಯುವವನಿದ್ದೆ ಅನ್ನಿ.

ಇಷ್ಟರಲ್ಲಿ ಅದೇ ಹುಡುಗಿ ಕುಂಬಳದ ಬುಡದಲ್ಲಿ ಕೂತು ಕೂಗಿದಳು. "ಸರ್, ಇದು ಹತ್ತಾಕತ್ತದರೀ!" ಅವಳ ಬೆರಳ ತುದಿ ಬೆಳ್ಳಗಾಗಿತ್ತು. ಒತ್ತಾಗಿ ಬೆಳೆದ ಬಳ್ಳಿಯ ಕೆಳಗೆ, ನೆರಳಲ್ಲಿದ್ದ ನಾಲ್ಕೈದು ಹಳೆಯ ಎಲೆಗಳಿಗೆ ಬೂದಿ ರೋಗವೇ ಹತ್ತಿತ್ತು! ಜಾತಿಯ ಮಚ್ಚೆ, ರೋಗದ ಮಚ್ಚೆ ಎರಡೂ ಒಂದೇ ಎಲೆಯ ಮೇಲೆ. ಮೊದಲ ದಿನ ಅವಳು ಕಂಡದ್ದು ಯಾವುದನ್ನೋ, ಅವಳಿಗೂ ಗೊತ್ತಿಲ್ಲ. ಆಯಿಯನ್ನು ಕರೆದು ತೋರಿಸಿದಳು. ಆಯಿ ನಕ್ಕು, "ಹೌದವ್ವ, ನಿನ್ನ ಕಣ್ಣು ಚುರುಕು" ಅಂದರು.

ಇನ್ನು ಉಪಾಯ. ರೋಗದ ಎಲೆಗಳನ್ನು ಕಿತ್ತು ದೂರ ಹೂಳಿದೆವು. ಬಳ್ಳಿಯನ್ನು ಬಿಡಿಸಿ ಗಾಳಿಯಾಡುವಂತೆ ಹರಡಿದೆವು. ಈ ರೋಗಕ್ಕೆ ಮಳೆಯೇ ಬೇಕೆಂದಿಲ್ಲ. ಒಣ ಹಗಲು, ತೇವದ ರಾತ್ರಿ, ಒತ್ತಾದ ಎಲೆ ಇದ್ದರೆ ಸಾಕು. ಗಂಧಕಕ್ಕೆ ಮಾತ್ರ ಕೈ ಹಾಕಲಿಲ್ಲ. 2022ರ ಮಾರ್ಚಿನ ಬಿಸಿಲಲ್ಲಿ ಸವತೆ ಬಳ್ಳಿಗೆ ಅದನ್ನು ಹೊಡೆದು ಎಲೆ ಸುಟ್ಟುಕೊಂಡವನು ನಾನೇ. ಸವತೆ, ಕುಂಬಳದ ಜಾತಿಗೆ ಗಂಧಕ ಸೂಕ್ಷ್ಮ. ಅದರಲ್ಲೂ ಶಾಖ 32 ಡಿಗ್ರಿ ದಾಟಿದ ಮೇಲೆ ಹೊಡೆಯಲೇಬಾರದು. ಅದರ ಬದಲು ಹಾಲು. ಬ್ರೆಜಿಲ್ ದೇಶದ ವಿಜ್ಞಾನಿ ವಾಗ್ನರ್ ಬೆಟಿಯೋಲ್ ಎಂಬವರು ಕುಂಬಳದ ಜಾತಿಯ ಗಿಡಗಳ ಮೇಲೆ ಹಸಿ ಹಾಲಿನ ಪ್ರಯೋಗ ಮಾಡಿ, ಬೂದಿ ರೋಗ ಹತೋಟಿಗೆ ಬರುತ್ತದೆ ಅಂತ 1999ರಲ್ಲಿ ಪ್ರಕಟಿಸಿದ್ದರು. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು. ವಾರಕ್ಕೊಮ್ಮೆ ಬೆಳಿಗ್ಗೆ ಎಲೆಯ ಎರಡೂ ಬದಿಗೆ ಸಿಂಪಡಿಸಿದೆವು. ಹಾಲು ಹುಡುಗಿಯ ಮನೆಯದೇ, ದಿನಕ್ಕೊಂದು ಲೋಟ. ಅವರೆಯ ನುಸಿಗೆ ಎಲೆಯ ಹಿಂದೆ ಜೋರಾಗಿ ನೀರು ಹೊಡೆದದ್ದೇ ಮದ್ದು. ರಂಗೋಲಿ ಎಲೆಗಳನ್ನು ಕಿತ್ತೆವು.

ನಾಲ್ಕು ವಾರದ ಮೇಲೆ ಹೊಸ ಎಲೆಗಳು ಸ್ವಚ್ಛ ಬಂದವು. ಹೊಸ ಎಲೆಯಲ್ಲೂ ಬೆಳ್ಳಿ ಮಚ್ಚೆ ಇದ್ದವು ಅನ್ನಿ, ಅವು ಇರಬೇಕಾದವೇ. ಹಳೆಯ ಕಲೆ ಮಾತ್ರ ಹೋಗಲಿಲ್ಲ. ಹಾಲು ಹಬ್ಬುವುದನ್ನು ತಡೆಯುತ್ತದೆ, ಸತ್ತ ಎಲೆಯನ್ನು ಬದುಕಿಸುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಏಳು ಕಾಯಿ ಸಿಕ್ಕವು. ಆಯಿಯೇ ಹೆಚ್ಚಿ ಖಿಚಡಿಗೆ ಹಾಕಿದರು.

ಹುಡುಗಿ ಮನೆಯಲ್ಲಿ ಹಾಲಿನ ಸುದ್ದಿ ಹೇಳಿದಾಗ ಅವಳ ಅಪ್ಪ ನಕ್ಕರಂತೆ, ಎಕರೆಗಟ್ಟಲೆ ದ್ರಾಕ್ಷಿಗೆ ಎಲ್ಲಿಯ ಹಾಲು ತರೋಣ ಅಂತ. ಅದೂ ನಿಜವೇ. ಔಷಧ ಹೊಡೆದು ಬಂದ ರಾತ್ರಿ ಅವರ ಕಣ್ಣು ಉರಿಯುತ್ತದೆ ಅಂತ ಅವಳು ಒಮ್ಮೆ ಹೇಳಿದ್ದಳು. ಮುಂದಿನ ಪಾಲಕರ ಸಭೆಗೆ ಅವರು ಬಂದರೆ ಕನ್ನಡಕ, ಮುಖಕ್ಕೆ ಕಟ್ಟುವ ಮಾಸ್ಕಿನ ಮಾತು ತೆಗೆಯಬೇಕು ಅಂದುಕೊಂಡಿದ್ದೇನೆ. ಗಂಧಕದ ಪೊಟ್ಟಣ ಇನ್ನೂ ನನ್ನ ಕಪಾಟಿನಲ್ಲೇ ಇದೆ, ಕೊಟ್ಟವರಿಗೆ ಮರಳಿಸಬೇಕು.