ಎಡಗೈ ಎತ್ತಿದರೆ ನಿಲ್ಲಿಸ್ತೀನಿ

ಚಿಕ್ಕಜಾಲ
9 ಫೆಬ್ರವರಿ 2025, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಣ್ಣನೂ ಕಾಗದ ಬರೀತಾನಾ ಅಂತ ನಗಬೇಡ. ಸಂಕ್ರಾಂತಿಯಿಂದ ಈಚೆಗೆ ಫೋನಿನಲ್ಲಿ ನಿನಗೆ ನನ್ನಿಂದ ಸಿಕ್ಕಿದ್ದು ಬರೀ ‘ಊಂ’, ‘ಊಹುಂ’. ಈಗ ಬಾಯಿ ತೆರೆಯುತ್ತೆ, ಆದರೆ ಹತ್ತು ನಿಮಿಷ ಮಾತಾಡಿದರೆ ದವಡೆ ಸೋತುಬಿಡುತ್ತೆ. ಎದುರಿಗೆ ಕಂಪ್ಯೂಟರಿನಲ್ಲಿ ನನ್ನ ಮೊದಲನೇ ಮದುವೆ ವಿಡಿಯೊ ರೆಂಡರ್ ಆಗ್ತಿದೆ, ಇನ್ನೂ ಎರಡು ಗಂಟೆ ಅಂತ ತೋರಿಸ್ತಿದೆ. ಅಮ್ಮ ಮಲಗಿದ್ದಾಳೆ. ಕರೆಂಟ್ ಹೋಗದಿದ್ದರೆ ಸಾಕು ಅಂತ ಕಾಯ್ತಾ ಬರೀತಿದ್ದೀನಿ.

ಮೊದಲು ಹಲ್ಲಿನ ವಿಷಯ, ನೀನು ಕೇಳೋದೂ ಅದನ್ನೇ ತಾನೆ. ಬಲಗಡೆ ಕೆಳದವಡೆಯ ಬುದ್ಧಿಹಲ್ಲು. ಎಕ್ಸ್‌ರೇನಲ್ಲಿ ನೋಡಿದರೆ ಅದು ಮುಂದಿನ ಹಲ್ಲಿಗೆ ತಲೆ ಕೊಟ್ಟು ಅಡ್ಡಡ್ಡ ಮಲಗಿತ್ತು. ಧನುರ್ಮಾಸದಲ್ಲಿ ಹೇಗೂ ಮದುವೆ ಇರಲ್ಲ, ಅದು ಮುಗಿಯೋದರೊಳಗೆ ತೆಗೆಸಿಬಿಡೋಣ ಅಂತ ಜನವರಿ 13ಕ್ಕೆ ಹುಣಸಮಾರನಹಳ್ಳಿ ಡೆಂಟಲ್ ಕಾಲೇಜಿಗೆ ಹೋದೆ. ಮಾರನೇ ದಿನ ಸಂಕ್ರಾಂತಿ ಅನ್ನೋದೇ ಮರೆತಿದ್ದೆ. ಬೀದಿಗೆಲ್ಲ ಎಳ್ಳು ಬೀರಿ ಬಂದ ಅಮ್ಮ ನನ್ನ ಊದಿದ ಕೆನ್ನೆ ನೋಡಿ ಹಣೆ ಚಚ್ಚಿಕೊಂಡಳು. ನನ್ನ ಪಾಲಿನ ಸಕ್ಕರೆ ಅಚ್ಚು ಇನ್ನೂ ಡಬ್ಬಿಯಲ್ಲೇ ಇದೆ.

ಆ ಕುರ್ಚಿಯಲ್ಲಿ ಮಲಗಿದಾಗ ನನ್ನ ಕಾಲು ನಡುಗ್ತಾ ಇತ್ತು ಪುಟ್ಟಿ. ಆರು ವರ್ಷ ರಾತ್ರಿ ಹೊತ್ತು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸಿದೋನು ಒಂದು ಸೂಜಿಗೆ ಹೆದರಿದ್ದೆ. ಹಲ್ಲು ತೆಗೆದದ್ದು ನಿನಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿ. ಸೂಜಿ ಚುಚ್ಚೋ ಮುಂಚೆ, “ಇರುವೆ ಕಚ್ಚಿದಂಗಾಗುತ್ತೆ, ಆಮೇಲೆ ತುಟಿ ದಪ್ಪ ಆದಂಗೆ ಅನ್ಸುತ್ತೆ” ಅಂದಳು. ಕೊರೆಯೋ ಮುಂಚೆ, “ಈಗ ಸದ್ದು ಬರುತ್ತೆ, ಒತ್ತಿದಂಗಾಗುತ್ತೆ, ನೋವಾಗಬಾರದು. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ” ಅಂದಳು. ಒಂದು ಸಲ ಎತ್ತಿದೆ. ಅಲ್ಲಿಗೇ ನಿಲ್ಲಿಸಿ ಇನ್ನೊಂದು ಇಂಜೆಕ್ಷನ್ ಕೊಟ್ಟಳು. ಆಮೇಲೆ ಕೈ ಎತ್ತಲೇ ಇಲ್ಲ. ನೋವು ಕಡಿಮೆ ಆಗಿದ್ದಕ್ಕೋ, ಎತ್ತಿದರೆ ನಿಲ್ಲಿಸ್ತಾಳೆ ಅನ್ನೋ ಧೈರ್ಯಕ್ಕೋ ಗೊತ್ತಿಲ್ಲ.

ಹಲ್ಲನ್ನ ಅವಳು ಕಿತ್ತು ತೆಗೀಲಿಲ್ಲ, ಎರಡು ತುಂಡು ಮಾಡಿ ಎಬ್ಬಿಸಿದಳು. ಕಣ್ಣು ಮುಚ್ಚಿಕೊಂಡಿದ್ದವನಿಗೆ ಸಾದಹಳ್ಳಿ ಕ್ವಾರಿ ಕಾಣಿಸ್ತು. ಅಪ್ಪ ಬಂಡೆ ಮೇಲೆ ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಸುತ್ತಿಗೆಯಲ್ಲಿ ಒಂದೊಂದೇ ಏಟು ಕೊಡ್ತಿದ್ದದ್ದು ನೆನಪಿದೆಯಾ? ಮದ್ದಿಗೆ ಬೆಂಕಿ ಕೊಡೋ ಮುಂಚೆ ಮೂರು ದಿಕ್ಕಿಗೂ ತಿರುಗಿ ಕೂಗ್ತಿದ್ದ. ಒಂದು ದಿನ ಇನ್ಯಾರೋ ಕೂಗದೆ ಹಚ್ಚಿದ್ದಕ್ಕೆ ಮನೆಗೆ ಬಂದ ಮೇಲೂ ಬೈತಿದ್ದ: “ಹೇಳ್ದೆ ಕೇಳ್ದೆ ಕಲ್ಲು ಹಾರ್ಸೋನು ಕಸುಬುದಾರ ಅಲ್ಲ ಕಣ್ರೋ.”

ಆಮೇಲಿನ ಕಥೆಯಲ್ಲಿ ತಪ್ಪೆಲ್ಲ ನನ್ನದೇ. ಉಗಿಯಬೇಡಿ, ಸ್ಟ್ರಾ ಹಾಕಿ ಏನೂ ಹೀರಬೇಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮೂರನೇ ದಿನ ಯಲಹಂಕಕ್ಕೆ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ನೋಡೋಕೆ ಹೋದವನು ಬಿಸಿಲಿಗೆ ಎಳನೀರು ಕುಡಿದೆ, ಸ್ಟ್ರಾದಲ್ಲೇ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅಲ್ಲಿನ ಮುಚ್ಚಳ, ಹೀರಿದರೆ ಅದು ಕಿತ್ತು ಬಂದು ಮೂಳೆ ಬಯಲಾಗುತ್ತೆ ಅಂತ ಹಲ್ಲಿನ ಡಾಕ್ಟರಿಕೆ ಓದ್ತಿರೋ ನಿನಗೆ ನಾನು ಹೇಳಬೇಕಾ! ಡ್ರೈ ಸಾಕೆಟ್. ಎರಡು ರಾತ್ರಿ ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಹತ್ತಿತು. ಮತ್ತೆ ಹೋದರೆ ತೊಳೆದು ಲವಂಗದೆಣ್ಣೆಯ ಬತ್ತಿ ಇಟ್ಟರು. ಒಂದು ವಾರ ನಾನು ಬಾಯಿ ತೆರೆದರೆ ಪಲಾವ್ ವಾಸನೆ.

ಊಟಕ್ಕೆ ಮಾತ್ರ ನಮ್ಮ ಸೀಮೆಯಲ್ಲಿ ಹುಟ್ಟಿದ್ದೇ ಪುಣ್ಯ. “ಮುದ್ದೆಗೆ ಹಲ್ಲು ಯಾಕೋ, ನುಂಗು” ಅಂತ ಅಮ್ಮ ಆರಿದ ಮುದ್ದೆಯನ್ನ ಗೋಲಿಯಷ್ಟು ಮುರಿದು, ಖಾರ ಇಲ್ಲದ ಬಸ್ಸಾರಲ್ಲಿ ಅದ್ದಿ ಕೊಟ್ಟಳು. ಪಕ್ಕದಲ್ಲೇ ಕೂತು ತಾನು ಹಿತಕಿದ ಅವರೆಬೇಳೆ ಸಾರು ತಿಂದಳು, ಅದನ್ನ ನಾನು ಮರೆಯಲ್ಲ. ಮೂಳೆ ಕೂಡಲಿ ಅಂತ ಕಾಲು ಸೂಪ್ ಮಾಡೋಕೆ ಹೊರಟರೆ, ಏರೋ ಇಂಡಿಯಾ ಅಂತ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸದಂಗಡಿ ಬಂದ್. ಮಾಂಸದ ಚೂರಿಗೆ ಹದ್ದು ಬರುತ್ತೆ, ಹದ್ದು ವಿಮಾನಕ್ಕೆ ಬಡಿಯುತ್ತೆ ಅಂತ. “ನಿನ್ನ ಹಲ್ಲಿಗೂ ಆ ವಿಮಾನಕ್ಕೂ ಎಲ್ಲಿಂದೆಲ್ಲಿಗೆ ಗಂಟು ಬಿತ್ತು ನೋಡು” ಅಂತಾಳೆ ಅಮ್ಮ.

ಇನ್ನು ಕೆಲಸದ ವಿಷಯ. ಕಾರು ಮಾರಿದೆ. ಅದರ ಸಾಲ ತೀರಿಸಿ ಉಳಿದದ್ದಕ್ಕೆ ಮುದ್ರಾ ಸಾಲ ಸೇರಿಸಿ ಕ್ಯಾಮೆರಾ, ಎರಡು ಲೆನ್ಸ್, ಗಿಂಬಲ್, ಕಾಲರ್ ಮೈಕ್ ತಗೊಂಡೆ. ನಮ್ಮದು 50,000 ದಾಟಿದ ಸಾಲ, ಅದಕ್ಕೆ ‘ಕಿಶೋರ’ ಅಂತ ಹೆಸರು. ಉದ್ಯಮ್ ನೋಂದಣಿ ಮಾಡಿಸಿಕೊಡೋಕೆ ಒಬ್ಬ ಏಜೆಂಟ್ ಎರಡು ಸಾವಿರ ಕೇಳಿದ. ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತೆ, ಒಂದು ಪೈಸೆ ಖರ್ಚಿಲ್ಲ. ವರ್ಷಕ್ಕೆ 20 ಲಕ್ಷದ ವಹಿವಾಟು ದಾಟೋವರೆಗೆ ಜಿಎಸ್‌ಟಿ ತಾಪತ್ರಯ ಇಲ್ಲಮ್ಮ ಅಂದರೆ, “ದಾಟ್ಲಿ ಬಿಡು, ಕಟ್ಟೋಣ” ಅಂದಳು ಅಮ್ಮ. ಮಾತಾಡೋಕಾಗದ ದಿನಗಳಲ್ಲಿ ಸಂಜೆ ಹೊತ್ತು ನಮ್ಮೂರ ಹಳೇ ಕೋಟೆಗೆ ಹೋಗಿ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಅಭ್ಯಾಸ ಮಾಡಿದೆ. ಹಿಂದೆ ಬಳ್ಳಾರಿ ರಸ್ತೆಯ ಲಾರಿ, ಮೇಲೆ ವಿಮಾನ, ಮೈಕಿಗೆ ಒಳ್ಳೇ ಪರೀಕ್ಷೆ. ಅಪ್ಪ ಆ ಗೋಡೆ ಸವರಿ “ಇದನ್ನ ಕಡ್ದೋರ ಕೈ ಎಂಥದ್ದಿರ್ಬೇಕು” ಅಂದಿದ್ದ ಜಾಗದಲ್ಲೇ ಫೋಕಸ್ ಹಿಡಿಯೋದು ಕಲಿತೆ.

ಮೊನ್ನೆ ಶುಕ್ರವಾರ ಹುಣಸಮಾರನಹಳ್ಳಿ ಆಚೆ ಒಂದು ಕಲ್ಯಾಣ ಮಂಟಪದಲ್ಲಿ ಮೊದಲನೇ ಮದುವೆ. ಗಂಡಿನ ಕಡೆಯವರಿಗೆ ಡ್ರೋನ್ ಬೇಕಿತ್ತು. ಒಂದು ಕಡೆ ಏರ್‌ಪೋರ್ಟ್, ಇನ್ನೊಂದು ಕಡೆ ವಾಯುನೆಲೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣ ಇದ್ದ ಕಡೆ ಮಾತ್ರ ಕೇಳದೆ ಹಾರಿಸಬಹುದು, ನಮ್ಮ ತಲೆ ಮೇಲೆ ಹಸಿರೆಲ್ಲಿದೆ ಅಂತ ತೋರಿಸಿದೆ. ಸುಮ್ಮನಾದರು. ಮುಹೂರ್ತದ ಹೊತ್ತಿಗೆ ಏರೋ ಇಂಡಿಯಾ ರಿಹರ್ಸಲ್ ಶುರುವಾಗಿ, ಪುರೋಹಿತರು ಗಟ್ಟಿಮೇಳ ಅಂತ ಕೂಗಿದ್ದು ಓಲಗದವರಿಗೇ ಕೇಳಿಸಲಿಲ್ಲ!

ನಾನು ಹೇಳಬೇಕು ಅಂತಿದ್ದದ್ದು ಹೆಣ್ಣಿನ ಅಪ್ಪನ ವಿಷಯ. ಬಾಗೇಪಲ್ಲಿ ಕಡೆಯೋರು. ಕ್ಯಾಮೆರಾ ತಿರುಗಿದರೆ ಸಾಕು, ಹೆಗಲ ಮೇಲಿನ ಟವೆಲ್ ಬಾಯಿಗೆ ಬರ್ತಿತ್ತು. ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತೆ. ನೀನೇ ಹೇಳಿದ್ದೆಯಲ್ಲ, ಆ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಅಂತ, ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಬಾರದು ಅಂತ. ಚಿಕ್ಕವರಿದ್ದಾಗ ಹಲ್ಲು ಕಟ್ಟೋ ಹೊತ್ತಿಗೇ ಹತ್ತೋ ಬಣ್ಣ, ತಿಕ್ಕಿದರೆ ಹೋಗಲ್ಲ. ನಾನು ಹತ್ತಿರ ಹೋಗಿ, “ಅಣ್ಣಾ, ಬೇಡ ಅನ್ಸಿದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ” ಅಂದೆ. ಬೆಳಿಗ್ಗೆ ನಾಲ್ಕು ಸಲ ಎತ್ತಿದರು, ನಾಲ್ಕು ಸಲವೂ ಕ್ಯಾಮೆರಾ ಇಳಿಸಿದೆ. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಬೀಗರು ಬಲವಂತ ಮಾಡಿ ಅವರ ಎಲೆಗೆ ಮೂರನೇ ಒಬ್ಬಟ್ಟು ಹಾಕಿದಾಗ ಕೈ ಮೇಲೇಳಲೇ ಇಲ್ಲ. ತಲೆ ಹಿಂದಕ್ಕೆ ಹಾಕಿ ಬಾಯ್ತುಂಬ ನಕ್ಕರು.

ಕೈ ಎತ್ತೋದು ಮರೆತರೆ ಒಪ್ಪಿದಂತಲ್ಲ ಅಲ್ವಾ? ಅದಕ್ಕೆ ಸಂಜೆ ಅವರನ್ನ ಕೂರಿಸಿ, ಕ್ಯಾಮೆರಾ ಪರದೆಯಲ್ಲಿ ಆ ಏಳೆಂಟು ಸೆಕೆಂಡ್ ತೋರಿಸಿ, “ಇಡ್ಲಾ, ತೆಗೀಲಾ?” ಅಂತ ಕೇಳಿದೆ. ಎರಡು ಸಲ ಹಾಕಿಸಿ ನೋಡಿದರು. “ಇರ್ಲಿ ಬಿಡಪ್ಪ. ನಮ್ಮಪ್ಪ ನಕ್ಕಂಗೇ ಐತೆ” ಅಂದರು.

ಈ ವರ್ಷ ನೀನು ಮೊದಲ ಸಲ ರೋಗಿಗಳ ಬಾಯಿಗೆ ಕೈ ಹಾಕ್ತೀಯ. ನಿನ್ನ ಪುಸ್ತಕ ನನಗೆ ಅರ್ಥವಾಗಲ್ಲ, ಆ ಕುರ್ಚಿ ಮಾತ್ರ ಗೊತ್ತು. ಮಲಗಿದೋರಿಗೆ ನಿನ್ನ ಮುಖ ತಲೆಕೆಳಗಾಗಿ ಕಾಣುತ್ತೆ, ಕೈಯಲ್ಲಿರೋದು ಏನು ಅಂತ ಕಾಣಲ್ಲ. ಹೇಳಿ ಮಾಡು. ಕೈ ಎತ್ತಿದರೆ ನಿಜವಾಗಿ ನಿಲ್ಲಿಸು. ಹಲ್ಲು ನೋಡಿ ಮುಖ ಸಿಂಡರಿಸಬೇಡ, ಆ ನೀರು ಅವರು ಬೇಕು ಅಂತ ಕುಡಿದದ್ದಲ್ಲ. ಇನ್ನೊಂದು, ಬಾಯಿ ತುಂಬ ಹತ್ತಿ ತುರುಕಿ ‘ಯಾವೂರು ನಿಮ್ಮದು’ ಅಂತ ಕೇಳಬೇಡ ತಾಯಿ!

ಫೀಸಿನ ಚಿಂತೆ ಬಿಡು. ಮಾಘ ಮುಗಿಯೋದರೊಳಗೆ ಇನ್ನೂ ಎರಡು ಮದುವೆ, ಒಂದು ಗೃಹಪ್ರವೇಶ ಇದೆ. ಒಂದಕ್ಕೆ ಮುಂಗಡವೂ ಬಂತು. ಟ್ಯಾಕ್ಸಿಯಷ್ಟು ದಿನದಿನದ ದುಡ್ಡಿಲ್ಲ, ರಾತ್ರಿ ನಿದ್ದೆ ಇದೆ. ಕೆಲವು ಸಲ ಭಯ ಆಗುತ್ತೆ, ಅದನ್ನ ಅಮ್ಮನಿಗೆ ಹೇಳಬೇಡ. ನಾಲಿಗೆಯಂತೂ ಸುಮ್ಮನಿರದೆ ಆ ಖಾಲಿ ಗುಳಿಗೇ ಹೋಗಿ ಹೋಗಿ ನೋಡುತ್ತೆ. ದಿನಾ ಸ್ವಲ್ಪ ಸ್ವಲ್ಪ ತುಂಬ್ತಿದೆ.

ಯುಗಾದಿಗೆ ಬಾ. ನೀನು ಕೇಳಿದ್ದೆಯಲ್ಲ, ಬಾಯಿಗೆ ಎಷ್ಟು ಬೆರಳು ಹೋಗುತ್ತೆ ಅಂತ: ಇವತ್ತಿಗೆ ಎರಡೂವರೆ. ನೀನು ಬರೋ ಹೊತ್ತಿಗೆ ಮೂರಾಗಿರುತ್ತೆ. ಸಕ್ಕರೆ ಅಚ್ಚು ಅಲ್ಲಿವರೆಗೆ ಡಬ್ಬಿಯಲ್ಲೇ ಇರಲಿ, ಇಬ್ಬರೂ ಮುರಿದುಕೊಂಡು ತಿನ್ನೋಣ.

ನಿನ್ನ
ಅಣ್ಣ