ಪಾಯಸದ ಪಿ

ದೆಹಲಿಯ ಸರಕಾರಿ ಕಚೇರಿಯೊಂದರಲ್ಲಿ ಎರಡು ದಶಕ ಕಳೆದ ನಮಗೆ ದೂರವಾಣಿಯಲ್ಲಿ ಅಕ್ಷರ ಬಿಡಿಸಿ ಹೇಳುವುದು ಉಸಿರಾಟದಷ್ಟೇ ರೂಢಿಯಾಗಿದೆ. ಕಡತದ ಸಂಖ್ಯೆ, ಪ್ಯಾನ್, ಬ್ಯಾಂಕಿನ ಸಂಕೇತ, ಇಲ್ಲಿಯವರ ಕಿವಿಗೆ ಒಗ್ಗದ ನಮ್ಮ ಊರಿನ ಹೆಸರು, ಎಲ್ಲಕ್ಕೂ ‘ಡಿ ಫಾರ್ ಡೆಲ್ಲಿ, ಪಿ ಫಾರ್ ಪೀಟರ್’ ಎಂಬ ಊರುಗೋಲು ಬೇಕು. 1995ರಲ್ಲಿ ಬಾಂಬೆ ಮುಂಬಯಿಯಾಯಿತು, ಮರುವರ್ಷ ಮದ್ರಾಸು ಚೆನ್ನೈ ಆಯಿತು. ನಮ್ಮ ಕಚೇರಿಯ ದೂರವಾಣಿಯಲ್ಲಿ ಮಾತ್ರ ಬಿ ಇಂದಿಗೂ ಬಾಂಬೆಯದೇ, ಎಂ ಮದ್ರಾಸಿನದೇ.

ವಿಮಾನ ಚಾಲಕರದು ಇನ್ನೂ ಕಟ್ಟುನಿಟ್ಟಿನ ಪಟ್ಟಿ: ಆಲ್ಫಾ, ಬ್ರಾವೊ, ಚಾರ್ಲಿ. ಬೇರೆ ಬೇರೆ ಭಾಷೆಯವರ ಬಾಯಲ್ಲೂ ಕಿವಿಯಲ್ಲೂ ಪರೀಕ್ಷಿಸಿ, ಕೆಲವು ಪದಗಳನ್ನು ಕೈಬಿಟ್ಟು, 1956ರಲ್ಲಿ ಈಗಿನ ರೂಪಕ್ಕೆ ತಂದದ್ದು. ಫ್ರೆಂಚರು ಕೊನೆಯ ಟಿ ನುಂಗಿಬಿಟ್ಟಾರೆಂದು ‘ಜೂಲಿಯೆಟ್’ಗೆ ಎರಡು ಟಿ ಬರೆಯುವಷ್ಟು ಎಚ್ಚರ ಅದರಲ್ಲಿದೆ. ತೊಂದರೆಯ ಮೂಲ ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲೇ ಇದೆ. ಬಿ, ಸಿ, ಡಿ, ಜಿ, ಪಿ, ಟಿ, ವಿ ಎಲ್ಲವೂ ಒಂದೇ ಬಾಲದವು. ಹಳೆಯ ದೂರವಾಣಿ ತಂತಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು; ಎಸ್, ಎಫ್‌ಗಳ ಸೀಳುದನಿ ಬಹುಪಾಲು ಅಲ್ಲೇ ಸೋರಿಹೋಗುತ್ತಿತ್ತು. ನಮ್ಮ ವರ್ಣಮಾಲೆಯೇ ಮೇಲೆಂದು ಬೀಗುವುದೂ ಬೇಡ. ಕ, ತ, ಪ ಎಂದು ಬಿಡಿಯಾಗಿ ಹೇಳಿದರೆ ಅವುಗಳ ಬಾಲವೂ ಒಂದೇ. ಆದರೆ ಕನ್ನಡದ ಪದವನ್ನು ನಿಧಾನವಾಗಿ ಉಚ್ಚರಿಸಿದರೆ ಸಾಕು, ಬಿಡಿಸುವ ಪ್ರಮೇಯ ಬರುವುದು ‘ಮಹಾಪ್ರಾಣವೋ ಅಲ್ಪಪ್ರಾಣವೋ’ ಎಂಬಲ್ಲಿ ಮಾತ್ರ.

2021ರ ಮೇ ತಿಂಗಳು. ದೆಹಲಿ ಬೀಗ ಹಾಕಿಕೊಂಡಿತ್ತು. ಶಿರಸಿಯ ಸಮೀಪದ ಹಳ್ಳಿಯಲ್ಲಿ ಒಬ್ಬರೇ ಇದ್ದ ನಮ್ಮ ತಾಯಿಯವರಿಗೆ ಪಾದಗಳು ಊದಿಕೊಂಡು, ಎದ್ದರೆ ತಲೆ ಸುತ್ತುತ್ತಿತ್ತು. ನೆರೆಯವರು ಬರಲು ಅಂಜುತ್ತಿದ್ದ ದಿನಗಳು. ಇಲ್ಲಿನ ಪರಿಚಿತ ವೈದ್ಯರೊಬ್ಬರು, ‘ಅವರು ನುಂಗುತ್ತಿರುವ ಪ್ರತಿ ಮಾತ್ರೆಯ ಹೆಸರು ತಿಳಿಸಿ, ಕಂಪನಿ ಇಟ್ಟ ಹೆಸರಲ್ಲ, ಒಳಗಿನ ಔಷಧಿಯದು’ ಎಂದರು.

ಅಮ್ಮ ಇಂಗ್ಲಿಷ್ ಓದಲಾರರು, ಅಕ್ಷರ ಬಲ್ಲರು. ನಾವು ಐದನೆಯ ತರಗತಿಯಲ್ಲಿ ಎಬಿಸಿಡಿ ತಿದ್ದುವಾಗ ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕಲಿತದ್ದು. ಅಂದು ಭೂತಗನ್ನಡಿ ಹಿಡಿದು ಮಾತ್ರೆಯ ಹಾಳೆ ಓದತೊಡಗಿದರು. ಸಂಪರ್ಕ ಕಡಿದು ಕಡಿದು ಬರುತ್ತಿತ್ತು. ಎಂ ಎಂದರೋ ಎನ್ ಎಂದರೋ, ಡಿಯೋ ಪಿಯೋ ಒಂದೂ ಸ್ಪಷ್ಟವಿಲ್ಲ. ನಾವು ಕಚೇರಿಯ ಗತ್ತಿನಲ್ಲಿ, ‘ಪಿ ಫಾರ್ ಪೀಟರಾ ಅಮ್ಮಾ?’ ಎಂದು ಕೂಗಿದೆವು.

‘ಯಾರದು ಪೀಟರು?’

ಇಂಗ್ಲಿಷ್ ಎಂ.ಎ. ಮಾಡಿದ ನಮಗೆ ಉತ್ತರ ಹೊಳೆಯಲಿಲ್ಲ. ‘ನಿಮಗೆ ಗೊತ್ತಿರುವ ಏನಾದರೂ ಹೇಳಿ’ ಎಂದೆವು. ಕ್ಷಣಕಾಲ ಮೌನ. ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರೆಂದು ತೋರುತ್ತದೆ. ‘ಅಡಿಕೆಯ ಎ. ಮಜ್ಜಿಗೆಯ ಎಂ. ಲಿಂಬೆಯ ಎಲ್. ಒಲೆಯ ಓ. ದೋಸೆಯ ಡಿ, ಹೋಟೆಲಿನ ಹಲಗೆಯಲ್ಲಿ ಇರುತ್ತದಲ್ಲ, ಅದು. ಇಡ್ಲಿಯದು...’ ಇಲ್ಲಿ ತಡೆದೆವು. ಈಯೋ ಐಯೋ? ‘ಒಂದೇ ಕಡ್ಡಿ ನಿಂತಿದೆ ಮಗಾ.’ ಹಾಗಾದರೆ ಐ. ‘ಪಾಯಸದ ಪಿ. ಮತ್ತೆ ಇಡ್ಲಿ. ನೀರಿನ ಎನ್. ಈರುಳ್ಳಿಯ ಈ.’

ಆಮ್ಲೋಡಿಪಿನ್. ರಕ್ತದೊತ್ತಡದ ಮಾತ್ರೆ. ಬರೆದುಕೊಂಡೆವು.

ಎರಡನೆಯ ಹಾಳೆ ಹಿಂದಿನ ತಿಂಗಳು ಚಿಕ್ಕಮ್ಮನ ಮನೆಗೆ ಹುಬ್ಬಳ್ಳಿಗೆ ಹೋದಾಗ ಅಲ್ಲಿನ ವೈದ್ಯರು ಬರೆದದ್ದು. ಬಣ್ಣ ಬೇರೆ, ದೊಡ್ಡಕ್ಷರದ ಹೆಸರೂ ಬೇರೆ. ಕೆಳಗಿನ ಸಣ್ಣಕ್ಷರಕ್ಕೆ ಬಂದರು. ‘ಅಡಿಕೆ. ಮಜ್ಜಿಗೆ. ಲಿಂಬೆ. ಒಲೆ. ದೋಸೆ...’ ದನಿ ನಿಂತಿತು. ಸಂಪರ್ಕ ಕಡಿಯಿತೆಂದು ನಾವು ‘ಹಲೋ, ಹಲೋ’ ಎನ್ನುತ್ತಿದ್ದೆವು.

‘ಇದೂ ಅದೇ ಅಲ್ಲವೇನೋ?’ ಎಂದರು ಅಮ್ಮ.

ಅದೇ. ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ, ಬೆಳಿಗ್ಗೆ ಒಂದು, ರಾತ್ರಿ ಒಂದು, ಮೂರು ವಾರಗಳಿಂದ ನುಂಗುತ್ತಿದ್ದರು. ಪಾದದ ಊತ ಆ ಔಷಧಿಯಿಂದ ಬರುವುದುಂಟು, ಪ್ರಮಾಣ ಹೆಚ್ಚಿದಷ್ಟೂ ಹೆಚ್ಚು ಎಂದು ವೈದ್ಯರು ವಿವರಿಸಿ, ಒಂದನ್ನು ಕೂಡಲೇ ನಿಲ್ಲಿಸಲು ಹೇಳಿದರು. ಬರಿಯ ಎ, ಎಂ, ಎಲ್ ಎಂದು ಓದಿದ್ದರೆ ಅಮ್ಮನಿಗೆ ಅದು ಹೊಳೆಯುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ. ನಮಗೇ ಹೊಳೆಯಲು ಇನ್ನೆಷ್ಟು ಹೊತ್ತು ಹಿಡಿಯುತ್ತಿತ್ತೋ.

ಊತ ಇಳಿಯಲು ಕೆಲವು ವಾರಗಳೇ ಬೇಕಾದವು. ಈಗಲೂ ಹೊಸ ಮಾತ್ರೆ ಬಂದರೆ ಅಮ್ಮ ತಾವಾಗಿಯೇ ಕರೆ ಮಾಡಿ ಓದಿ ಹೇಳುತ್ತಾರೆ. ನಾವು ಪೆನ್ಸಿಲು ಹಿಡಿದು ಕೂರುತ್ತೇವೆ. ಕಳೆದ ವಾರ ಎಕ್ಸ್ ಬಂದಿತ್ತು. ಬಹಳ ಹೊತ್ತು ಯೋಚಿಸಿ, ‘ಇದಕ್ಕೆ ನಮ್ಮಲ್ಲಿ ಏನೂ ಇಲ್ಲ. ಬೇಕಾದರೆ ನಿನ್ನ ಪೀಟರನ್ನು ಕೇಳು’ ಎಂದರು.