ಹಕ್ಕಿಗಳ ಹಾಜರಿ ಪುಸ್ತಕ

ಮೊದಲೆಲ್ಲ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಹುಡುಗರು ಹಕ್ಕಿಯ ಬೆನ್ನು ಹತ್ತಿದ್ದಾರೆ ಅಂದರೆ ಕೈಯಲ್ಲಿ ಕವಣೆ ಇದೆ ಎಂದೇ ಅರ್ಥ. ಜೋಳ ಹಾಲುಗಾಳಿಗೆ ಬಂದಾಗ ಹೊಲದ ಅಟ್ಟದ ಮೇಲೆ ನಿಂತು ಕೂಗು ಹಾಕುವುದು, ಕಲ್ಲು ಬೀಸುವುದು ಅವರ ಕೆಲಸ. ಈಗ ಕಾಲೇಜಿಗೆ ಹೋಗುವ ಹುಡುಗರು ಕೊರಳಿಗೆ ದುರ್ಬೀನು ಹಾಕಿಕೊಂಡು, ಒಂದು ಬೈಕಿಗೆ ಇಬ್ಬರಂತೆ ಕೂತು, ಬೆಳಗಿನ ಆರಕ್ಕೇ ಕೆರೆಯ ದಂಡೆಗೆ ಬರುತ್ತಾರೆ. ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮೊಬೈಲಿನಲ್ಲಿ ಬರೆದುಕೊಂಡು ಹೋಗುತ್ತಾರೆ. ನಮಗಂತೂ ಇದು ಸಂತೋಷದ ಸುದ್ದಿ.

ಅವರು ಬರೆದುಕೊಳ್ಳುವುದಕ್ಕೆ ‘ಇಯರ್ ಲಿಸ್ಟ್’ ಎಂದು ಹೆಸರು. ನಾವು ವರ್ಷದ ಪಟ್ಟಿ ಅನ್ನೋಣ. ನಿಯಮ ಬಹಳ ಸುಲಭ. ಜನವರಿ 1ಕ್ಕೆ ಎಲ್ಲರದೂ ಸೊನ್ನೆ. ಡಿಸೆಂಬರ್ 31ರೊಳಗೆ ಎಷ್ಟು ಬಗೆಯ ಹಕ್ಕಿ ನೋಡಿದಿರೋ ಅಷ್ಟು ಅಂಕ. ಒಂದು ಬಗೆಗೆ ಒಂದೇ ಅಂಕ. ಅಮೆರಿಕದ ನೋವಾ ಸ್ಟ್ರೈಕರ್ ಎಂಬ ತರುಣ 2015ರಲ್ಲಿ ಜಗತ್ತೆಲ್ಲ ಸುತ್ತಿ ಒಂದೇ ವರ್ಷದಲ್ಲಿ 6,042 ಬಗೆ ನೋಡಿದ. ಮರುವರ್ಷವೇ ನೆದರ್ಲೆಂಡ್ಸಿನ ಇನ್ನೊಬ್ಬ ತರುಣ 6,800 ದಾಟಿ ಆ ದಾಖಲೆ ಮುರಿದ. 2002ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ವಿಭಾಗದವರು ‘ಇ-ಬರ್ಡ್’ ಶುರು ಮಾಡಿದ ಮೇಲೆ ಈ ಆಟ ಮನೆಮನೆಗೂ ಬಂತು. ಜಿಲ್ಲೆಗೆ ಯಾರು ಮೊದಲು, ರಾಜ್ಯಕ್ಕೆ ಯಾರು ಮೊದಲು ಎಂಬುದು ಅಲ್ಲಿ ದಿನವೂ ಕಾಣುತ್ತದೆ. ಹದಿನೆಂಟರ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು!

ಒಂದು ಚಳಿಗಾಲ ನಮ್ಮ ಊರ ಹತ್ತಿರದ ಕೆರೆಗೆ ಒಂದು ಕಪ್ಪು ಕೊಕ್ಕರೆ ಬಂತು. ಅದು ಈ ಕಡೆ ಅಪರೂಪ. ದೂರದ ಉತ್ತರದ ನಾಡುಗಳಿಂದ ಚಳಿಗೆ ಇತ್ತ ಬರುವ ಹಕ್ಕಿ. ಸುದ್ದಿ ಹೇಗೆ ಹರಡಿತೋ ಏನೋ, ಎರಡೇ ದಿನಕ್ಕೆ ಕಾರು ಬಂತು, ಬೈಕು ಬಂದವು. ಉದ್ದ ಲೆನ್ಸಿನ ಹುಡುಗರು ಇಳಿದು ಇಪ್ಪತ್ತು ನಿಮಿಷ ನಿಂತರು, ಫೋಟೋ ತೆಗೆದರು, ಒಬ್ಬರ ಕೈ ಒಬ್ಬರು ಕುಲುಕಿದರು, ಹೋದರು. ಒಳ್ಳೆಯ ಹುಡುಗರೇ. ಅವರಲ್ಲಿ ಒಬ್ಬ ನಮ್ಮ ಮಕ್ಕಳನ್ನು ಕರೆದು, ತನ್ನ ದುರ್ಬೀನು ಕಣ್ಣಿಗೆ ಹಿಡಿಸಿ, ಕೆಂಪು ಕೊಕ್ಕು, ಕೆಂಪು ಕಾಲು ತೋರಿಸಿದ. ಆದರೆ ಅದೇ ಕೆರೆಯಲ್ಲಿದ್ದ ಬೆಳ್ಳಕ್ಕಿ, ಮಿಂಚುಳ್ಳಿ, ದಂಡೆಯ ಮೇಲೆ ಬಾಲ ಕುಣಿಸುತ್ತಿದ್ದ ಕುಂಡೆಕುಸ್ಕ... ಇವುಗಳ ಕಡೆ ಯಾರೂ ತಿರುಗಲಿಲ್ಲ. ಅವೆಲ್ಲ ಅವರ ಪಟ್ಟಿಯಲ್ಲಿ ಜನವರಿ ಮೊದಲ ವಾರವೇ ಬಂದುಬಿಟ್ಟಿದ್ದವು.

ಕಾರು ಹೋದ ಮೇಲೆ ನಮ್ಮ ಮಕ್ಕಳು ಹಟ ಹಿಡಿದರು, "ನಾವೂ ಪಟ್ಟಿ ಮಾಡೋಣ್ರಿ ಸರ್." ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಗೆರೆ ಹೊಡೆದು ಗೋಡೆಗೆ ಹಚ್ಚಿದೆವು. ಐದರಿಂದ ಏಳನೆಯ ಇಯತ್ತೆಯವರು ಎರಡು ಗುಂಪಾದರು.

ಮೊದಲ ವಾರದಲ್ಲೇ ಒಂದು ಗುಂಪು 34ಕ್ಕೆ ಹೋಯಿತು. ನಮಗೆ ಆಶ್ಚರ್ಯ. ಕೂತು ನೋಡಿದರೆ ಗೊರವಂಕವೂ ಇದೆ, ಸಾಳುಂಕಿಯೂ ಇದೆ. ಕಾಜಾಣವೂ ಇದೆ, ಕೋತವಾಲನೂ ಇದ್ದಾನೆ. ಟಿಟ್ಟಿಭ ಒಂದು, ಟಿಟವಿ ಇನ್ನೊಂದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಒಂದೇ ಹಕ್ಕಿ ಎರಡು ಹೆಸರಿನಿಂದ ಎರಡು ಸಲ ಹಾಜರಿ ಹಾಕಿಸಿಕೊಂಡಿತ್ತು! ಮಕ್ಕಳೂ ನಕ್ಕರು, ನಾವೂ ನಕ್ಕೆವು. ಅಂದಿನಿಂದ ಒಂದು ಹಕ್ಕಿಗೆ ಎರಡೂ ಭಾಷೆಯ ಹೆಸರು ಒಂದೇ ಸಾಲಿನಲ್ಲಿ ಬರೆಯುವುದು ರೂಢಿಯಾಯಿತು. ಗಡಿಯ ಶಾಲೆಗೆ ಇದೊಂದು ಭಾಷಾ ಪಾಠವೂ ಆಯಿತು.

ಆದರೆ ಮುಖ್ಯ ಮಾತು ಬೇರೆಯೇ ಇದೆ.

ನಾವು ಶಾಲೆಯವರು. ನಮಗೆ ಗೊತ್ತಿರುವ ಪಟ್ಟಿ ಎಂದರೆ ಹಾಜರಿ ಪುಸ್ತಕ. ಜೂನ್ ತಿಂಗಳ ಮೊದಲ ದಿನ ಬಂದು ‘ಹಾಜರ್’ ಅಂದ ಮಗು ವರ್ಷವಿಡೀ ಬಂದಂತೆ ಎಂದು ಯಾವ ಗುರುಗಳಾದರೂ ಬರೆಯುತ್ತಾರೆಯೇ? ವರ್ಷದ ಪಟ್ಟಿ ಮಾಡುವುದು ಅದನ್ನೇ. ಜನವರಿಯಲ್ಲಿ ಒಂದು ಸಲ ಕಂಡ ಗುಬ್ಬಿ ಡಿಸೆಂಬರಿನಲ್ಲಿ ಇದೆಯೋ ಇಲ್ಲವೋ ಎಂದು ಆ ಪಟ್ಟಿ ಕೇಳುವುದಿಲ್ಲ. ನೂರು ಗುಬ್ಬಿ ಕಂಡರೂ ಒಂದು ಅಂಕ, ಒಂದೇ ಕಂಡರೂ ಒಂದು ಅಂಕ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗೂ ಗುರುತು ಇರುತ್ತದೆ. ಮೂರು ದಿನ ಮಗು ಬರಲಿಲ್ಲ ಅಂದರೆ ನಾವು ಮನೆಗೆ ಹೋಗಿ ವಿಚಾರಿಸುತ್ತೇವೆ. ಹಕ್ಕಿ ಬರಲಿಲ್ಲ ಅಂದರೆ ಯಾರು ವಿಚಾರಿಸಬೇಕು?

ಆದ್ದರಿಂದ ಗೋಡೆಯ ಪಟ್ಟಿಯ ಜೊತೆಗೆ ಒಂದು ಉದ್ದ ನೋಟ್‌ಬುಕ್ಕನ್ನೂ ಇಟ್ಟೆವು. ವಾರಕ್ಕೊಂದು ದಿನ, ಅದೇ ಹೊತ್ತು, ಅದೇ ಬೇವಿನ ಮರದ ಕೆಳಗೆ ಹದಿನೈದು ನಿಮಿಷ. ಕಂಡದ್ದೆಲ್ಲ ಬರೆಯಬೇಕು, ಎಷ್ಟು ಎಂದು ಎಣಿಸಿ ಬರೆಯಬೇಕು. ಕಾಣದಿದ್ದರೆ ಸೊನ್ನೆ ಬರೆಯಬೇಕು. ಮಕ್ಕಳಿಗೆ ಮೊದಲು ಇದು ಬೇಸರದ ಕೆಲಸ ಅನ್ನಿಸಿತು. ಸೊನ್ನೆ ಬರೆಯುವುದರಲ್ಲಿ ಏನು ಮಜಾ?

ಸೊನ್ನೆಯ ಬೆಲೆ ತಿಳಿಯಲು ನೀಲಕಂಠದ ಮಾತು ಕೇಳಿ. ಅದು ಕರ್ನಾಟಕದ ರಾಜ್ಯ ಪಕ್ಷಿ. ಬನ್ನಿ ಹಬ್ಬದ ದಿನ ಅದರ ದರ್ಶನ ಆದರೆ ಶುಭ ಎಂದು ನಮ್ಮ ಹಿರಿಯರ ನಂಬಿಕೆ. ತಂತಿಯ ಮೇಲೆ ಕೂತಿದ್ದರೆ ಮಣ್ಣಿನ ಬಣ್ಣ, ಹಾರಿದರೆ ನೀಲಿ. ಇದೇನು ಅಪರೂಪದ ಹಕ್ಕಿಯಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಆದರೆ 2023ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ನೀಲಕಂಠದ ಸಂಖ್ಯೆ ಬಹಳ ಇಳಿದಿದೆ, ಅದರ ಬಗ್ಗೆ ಮತ್ತೆ ವಿಚಾರ ಮಾಡಬೇಕು ಎಂದು ಹೇಳಿತು. ಆ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿ, ಅವುಗಳಲ್ಲಿ 178ಕ್ಕೆ ತುರ್ತು ಗಮನ ಬೇಕು ಎಂದಿದೆ. ಅದಕ್ಕೆ ಆಧಾರ ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಮೂರು ಕೋಟಿ ದಾಖಲೆಗಳು. ಅಪರೂಪದ ಹಕ್ಕಿಯ ಫೋಟೋಗಳಿಂದ ಮಾತ್ರ ಈ ಲೆಕ್ಕ ಹೊರಡುತ್ತಿರಲಿಲ್ಲ. ಕಂಡ ದಿನವೂ ಕಾಣದ ದಿನವೂ ಬರೆದವರಿಂದ ಇದು ತಿಳಿಯಿತು.

ಈಗ ನಮ್ಮ ಹುಡುಗನ ಕತೆ ಹೇಳಬೇಕು. ಹೆಸರು ಬೇಡ.

ಮಾರ್ಚ್ ತಿಂಗಳ ಹೊತ್ತಿಗೆ ಎರಡೂ ಗುಂಪುಗಳು ಸಮಸಮ ಇದ್ದವು. ಒಂದು ಸೋಮವಾರ ನೋಡಿದರೆ ಏಳನೆಯ ಇಯತ್ತೆಯ ಹುಡುಗನೊಬ್ಬ ಗೋಡೆಯ ಪಟ್ಟಿಯ ಕೊನೆಗೆ ‘ಮಾಳಢೋಕ’ ಎಂದು ಬರೆದಿದ್ದ. ಕನ್ನಡದಲ್ಲಿ ಎರೆಭೂತ ಅನ್ನುತ್ತಾರಲ್ಲ, ಅದು. ಒಂದು ಮೀಟರ್ ಎತ್ತರ ನಿಲ್ಲುವ, ಗಂಡು ಹದಿನೈದು ಕಿಲೋ ತೂಗುವ ಬಯಲಿನ ಹಕ್ಕಿ. ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತರ ಒಳಗೆ ಎಂದು ಅಂದಾಜು. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ ಕಡೆ. ಬೇರೆ ಗುಂಪಿನ ಮಕ್ಕಳು ಗದ್ದಲ ಎಬ್ಬಿಸಿದರು, "ಸುಳ್ಳು ಬರದಾನ್ರಿ ಸರ್!"

ನಾವು ಅಳಿಸಲೂ ಇಲ್ಲ, ಬೈಯಲೂ ಇಲ್ಲ. ಪಕ್ಕಕ್ಕೆ ಕೂಡಿಸಿಕೊಂಡು ಕೇಳಿದೆವು. ಯಾವ ಹೊಲ? ಎಷ್ಟು ಹೊತ್ತಿಗೆ? ಕುತ್ತಿಗೆ ಯಾವ ಬಣ್ಣ? ಹಾರಿತೋ, ನಡೆಯಿತೋ? ಹುಡುಗ ಹೊಲದ ಹೆಸರು ಹೇಳಿದ. ಕುತ್ತಿಗೆ ಬಿಳಿ ಅಂದ. ತಲೆಯ ಮೇಲೆ ಕರಿ ಟೊಪ್ಪಿಗೆ ಅಂದ. ಎಲ್ಲ ಸರಿಯಾಗಿತ್ತು. ಆಮೇಲೆ ತಲೆ ಬಗ್ಗಿಸಿ ಮೆಲ್ಲಗೆ ಹೇಳಿದ, "ನಾ ನೋಡಿಲ್ರಿ ಸರ್. ನಮ್ಮ ಮುತ್ಯಾ ನೋಡ್ಯಾನ್ರಿ. ಆ ಹೊಲದಾಗೇ ನೋಡ್ಯಾನ್ರಿ. ಪಟ್ಟಿದಾಗ ಇರ್ಲಿ ಅಂತ ಬರದೆ."

ಗೆಲ್ಲಬೇಕೆಂಬ ಆಸೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮುತ್ಯಾನ ಹಕ್ಕಿ ಲೆಕ್ಕಕ್ಕೆ ಬರಲಿ ಎಂಬ ಆಸೆಯೂ ಇತ್ತು.

ಮರುದಿನ ಎಲ್ಲ ಮಕ್ಕಳಿಗೂ ಒಂದು ನಿಜವಾದ ಸಂಗತಿ ಹೇಳಿದೆವು. ನಮ್ಮ ಮಹಾರಾಷ್ಟ್ರದ ಖಾನದೇಶದ ಕಡೆ ‘ವನ ಪಿಂಗಳಾ’ ಎಂಬ ಒಂದು ಚಿಕ್ಕ ಗೂಬೆ ಇದೆ, ನಮ್ಮ ಹಾಲಕ್ಕಿಯ ಬಳಗದ್ದು. 1884ರ ನಂತರ ಅದು ಯಾರಿಗೂ ಸಿಕ್ಕಿರಲಿಲ್ಲ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ತಾನು 1914ರಲ್ಲಿ ಗುಜರಾತಿನಲ್ಲಿ ಅದನ್ನು ಹಿಡಿದೆ ಎಂದು ಚೀಟಿ ಅಂಟಿಸಿದ ಒಂದು ಒಣಗಿಸಿದ ಹಕ್ಕಿ ಇಟ್ಟುಕೊಂಡಿದ್ದ. ಆತ ದೊಡ್ಡ ಪಕ್ಷಿತಜ್ಞನೆಂದು ಹೆಸರು ಮಾಡಿದವನು. ಆ ಚೀಟಿ ನಂಬಿದ್ದರಿಂದ ಹುಡುಕಾಟ ದಾರಿ ತಪ್ಪಿತು. ಕೊನೆಗೆ ಪಮೇಲಾ ರಾಸ್ಮುಸ್ಸೆನ್ ಮತ್ತು ಅವರ ಜೊತೆಗಾರರು ಆ ಹಕ್ಕಿ ಬೇರೆಯವರು ಹಿಂದೆಯೇ ಸಂಗ್ರಹಿಸಿದ್ದನ್ನು ಕದ್ದು ಚೀಟಿ ಬದಲಿಸಿದ್ದು ಎಂದು ತೋರಿಸಿದರು. ಸುಳ್ಳು ಊರನ್ನು ಬಿಟ್ಟು, ಖರೇ ದಾಖಲೆಯ ಊರುಗಳ ಕಡೆ ಹುಡುಕಿದಾಗ 1997ರ ನವೆಂಬರಿನಲ್ಲಿ ಶಹಾದಾ ಹತ್ತಿರದ ಕಾಡಿನಲ್ಲಿ ಆ ಗೂಬೆ ಜೀವಂತ ಕಂಡಿತು. 113 ವರ್ಷದ ಮೇಲೆ! ಬರೆಯದೆ ಬಿಟ್ಟ ಹಕ್ಕಿಯನ್ನು ನಾಳೆ ಯಾರಾದರೂ ಬರೆದಾರು. ಸುಳ್ಳು ಬರೆದ ಹಕ್ಕಿಯ ಹಿಂದೆ ಎಷ್ಟು ಜನ, ಎಷ್ಟು ವರ್ಷ ಅಲೆಯಬೇಕಾಯಿತು ನೋಡಿರಿ ಅಂದೆವು.

ಹುಡುಗ ತಾನೇ ಎದ್ದು ಹೋಗಿ ‘ಮಾಳಢೋಕ’ದ ಮೇಲೆ ಗೆರೆ ಎಳೆದ. ಅಂದೇ ನಾವು ಇನ್ನೊಂದು ನೋಟ್‌ಬುಕ್ ತಂದು ಅವನ ಕೈಗೇ ಕೊಟ್ಟೆವು. ಅದರ ಮೇಲೆ ‘ಹಿರಿಯರು ಕಂಡ ಹಕ್ಕಿಗಳು’ ಎಂದು ಬರೆಸಿದೆವು. ಯಾರು ಹೇಳಿದರು, ಯಾವ ಹೊಲ, ಸುಮಾರು ಯಾವ ವರ್ಷ, ಆಗ ಅಲ್ಲಿ ಏನು ಬೆಳೆ. ಮೊದಲ ಪುಟ ಅವನ ಮುತ್ಯಾನದು. "72ರ ಬರಗಾಲಕ್ಕಿಂತ ಮೊದಲು, ಹುಲ್ಲಿನ ಬೀಳು, ಎರಡು ಹಕ್ಕಿ." ನಮ್ಮ ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ಬರಗಾಲ ನೆನಪಿರುತ್ತದೆ, 1993ರ ಕಿಲ್ಲಾರಿ ಭೂಕಂಪ ನೆನಪಿರುತ್ತದೆ. ಆ ಎರಡರ ಹಿಂದೆ ಮುಂದೆ ಎಂದು ಕೇಳಿದರೆ ಸಾಕು, ವರ್ಷ ಸಿಗುತ್ತದೆ.

ಆ ಪುಸ್ತಕ ತುಂಬುತ್ತ ಹೋದಂತೆ ಮಕ್ಕಳಿಗೆ ಒಂದು ವಿಷಯ ತಾನಾಗಿ ಕಂಡಿತು. ಹಿರಿಯರು ಹೇಳಿದ ಹುಲ್ಲಿನ ಬೀಳುಗಳು ಈಗ ಸೋಯಾ ಮತ್ತು ಕಬ್ಬಿನ ಹೊಲಗಳು. ಮರಾಠಿಯಲ್ಲಿ ಮಾಳ ಅಂದರೆ ಹುಲ್ಲಿನ ಬಯಲು. ಮಾಳವೇ ಹೋದ ಮೇಲೆ ಮಾಳಢೋಕ ಎಲ್ಲಿ ನಿಲ್ಲಬೇಕು? ಸೋಲಾಪುರದ ಹತ್ತಿರ ನಾನ್ನಜದಲ್ಲಿ ಈ ಹಕ್ಕಿಗಾಗಿಯೇ 1979ರಲ್ಲಿ ಅಭಯಾರಣ್ಯ ಮಾಡಿದರು. ಕಾಗದದ ಮೇಲೆ 8,496 ಚದರ ಕಿಲೋಮೀಟರ್. ಊರು, ಹೊಲ, ಮನೆ ಎಲ್ಲ ಅದರೊಳಗೇ ಬಂದವು. ಭೂಮಿ ಮಾರಲು ತೊಡಕು ಎಂದು ರೈತರು ಸಿಟ್ಟಾದರು. 2012ರಲ್ಲಿ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರೊಳಗೆ ಹಕ್ಕಿ ಬೆರಳೆಣಿಕೆಗೆ ಬಂದಿತ್ತು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳ ಕಡೆ ಕೆಲವು ಉಳಿದಿವೆ. ನಮ್ಮ ತಾಲೂಕುಗಳಲ್ಲಿ ಹಿಂದೆ ಎಷ್ಟಿದ್ದವು? ಮುತ್ಯಾನ ನೆನಪಿನಲ್ಲಿ ಎರಡು.

ನಾವು ಗಡಿಯ ಕನ್ನಡ ಶಾಲೆಯವರು. ಲೆಕ್ಕದಲ್ಲಿ ಇರುವುದು ಅಂದರೆ ಏನು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪಟಸಂಖ್ಯೆ ಇಪ್ಪತ್ತಕ್ಕಿಂತ ಕೆಳಗೆ ಇಳಿಯಿತು ಅಂದರೆ ಗುರುಗಳಿಗೂ ಪಾಲಕರಿಗೂ ನಿದ್ದೆ ಬರುವುದಿಲ್ಲ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಇಲ್ಲಿ ಎಷ್ಟು ಮನೆಗಳಲ್ಲಿ ಕನ್ನಡ ಇತ್ತು, ಎಷ್ಟರಲ್ಲಿ ಉಳಿದಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡವರು ಕಡಿಮೆ. ಬರೆದುಕೊಳ್ಳದೆ ಹೋದದ್ದು ಮುಂದೆ ಇರಲೇ ಇಲ್ಲ ಎಂದಾಗುತ್ತದೆ. ಪಟಸಂಖ್ಯೆ ಹೆಚ್ಚು ತೋರಿಸಲು ಸುಳ್ಳು ಹೆಸರು ಬರೆದರೆ ಅದೂ ಒಂದು ದಿನ ಶಾಲೆಗೇ ಮುಳುವಾಗುತ್ತದೆ. ಹಕ್ಕಿಗೂ ಇದೇ ಮಾತು.

ಅಂದ ಹಾಗೆ, ಓಡಾಡಿ ಅಪರೂಪದ ಹಕ್ಕಿ ಹುಡುಕುವ ತರುಣರನ್ನು ನಾವು ಹಳಿಯುವುದಿಲ್ಲ. ಆ ಓಟ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಈ ಹುಚ್ಚೇ ಹತ್ತುತ್ತಿರಲಿಲ್ಲ. ಅವರಿಗೆ ನಮ್ಮದೊಂದೇ ಕೋರಿಕೆ. ಅಷ್ಟು ದೂರ ಬಂದಿದ್ದೀರಿ, ಇನ್ನು ಹದಿನೈದು ನಿಮಿಷ ನಿಲ್ಲಿರಿ. ಕೆರೆಯಲ್ಲಿರುವ ಉಳಿದವರನ್ನೂ ಎಣಿಸಿ ಬರೆಯಿರಿ. ದಂಡೆಯ ಮೇಲೆ ದನ ಕಾಯುವ ಅಜ್ಜನಿಗೆ ಒಂದು ಮಾತು ಕೇಳಿರಿ.

ಶಾಲೆಗಳಿಗೆ ಇದು ಖರ್ಚಿನ ಕೆಲಸವೂ ಅಲ್ಲ. ನಮ್ಮ ರಾಜ್ಯದಲ್ಲಿ 2020ರಿಂದ ನವೆಂಬರ್ 5ರಿಂದ 12ರವರೆಗೆ ಪಕ್ಷಿ ಸಪ್ತಾಹ ನಡೆಯುತ್ತದೆ. 5 ಸೋಲಾಪುರದಲ್ಲಿ ಹುಟ್ಟಿದ ಅರಣ್ಯಋಷಿ ಮಾರುತಿ ಚಿತಮಪಲ್ಲಿ ಅವರ ಜನ್ಮದಿನ, 12 ಸಲೀಂ ಅಲಿ ಅವರದು. ಚಿತಮಪಲ್ಲಿಯವರು 2025ರ ಜೂನ್‌ನಲ್ಲಿ ತೀರಿಕೊಂಡರು. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ಇರುತ್ತದೆ. 2013ರಿಂದ ನಮ್ಮ ದೇಶದವರೂ ಅದರಲ್ಲಿದ್ದಾರೆ. ಹದಿನೈದು ನಿಮಿಷ ನಿಂತು ಎಣಿಸಿದರೂ ಸಾಕು, ಲೆಕ್ಕಕ್ಕೆ ಬರುತ್ತದೆ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ.

ಗೋಡೆಯ ಪಟ್ಟಿಯಲ್ಲಿ ಆ ವರ್ಷ ಯಾವ ಗುಂಪು ಗೆದ್ದಿತು ಎಂದು ಕೇಳುತ್ತೀರಾ? ಎರಡು ಅಂಕದಿಂದ ಹುಡುಗಿಯರೇ ಹೆಚ್ಚಿದ್ದ ಗುಂಪು ಗೆದ್ದಿತು. ನಮ್ಮ ಹುಡುಗ ಸೋತ ಗುಂಪಿನಲ್ಲಿದ್ದ. ಆದರೆ ಹಿರಿಯರ ಪುಸ್ತಕದಲ್ಲಿ ಅವನು ಹನ್ನೊಂದು ಪುಟ ತುಂಬಿಸಿದ್ದ.

ಏನಂತೀರಿ ಗುರುಗಳೇ? ಬರುವ ಜನವರಿ 1ಕ್ಕೆ ನಿಮ್ಮ ಶಾಲೆಯಲ್ಲೂ ಒಂದು ನೋಟ್‌ಬುಕ್ ತೆಗೆಸಿರಿ. ಮೊದಲ ಸಾಲಿನಲ್ಲಿ ಗುಬ್ಬಿ ಬರೆಸಿರಿ. ಎಷ್ಟು ಎಂದೂ ಬರೆಸಿರಿ.